ಚರ್ಚಿನಲ್ಲಿ ಆಪ್ತ ಸಮಾಲೋಚನೆ ಕೋಣೆ ಶುರು ಮಾಡಬೇಕಂತೆ. ಎಲ್ಲಿಂದ ಹಿಡಿಯಲಿ?

ಬಿಳಿ ದಾಸವಾಳ | ಭಾನುವಾರ, ರಾತ್ರಿ 10:15

ಎಲ್ಲರಿಗೂ ವಂದನೆಗಳು. ಉತ್ತರ ಕರ್ನಾಟಕದ ಒಂದು ಸಣ್ಣ ಊರು ನಮ್ಮದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಸುಮಾರು 90 ಕುಟುಂಬ. ನಾನು ಸ್ತ್ರೀಯರ ಅನ್ಯೋನ್ಯ ಕೂಟದ ಕಾರ್ಯದರ್ಶಿ. ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ನಿವೃತ್ತಿ.

ಕಳೆದ ವಾರ ಸಭಾ ಕಮಿಟಿಯಲ್ಲಿ ಒಂದು ತೀರ್ಮಾನ ಆಯಿತು. ವೆಸ್ಟ್ರಿ (ಪಾದ್ರಿಗಳು ನಿಲುವಂಗಿ ಹಾಕಿಕೊಳ್ಳುವ ಕೋಣೆ) ಹಿಂದಿನ ಸಣ್ಣ ಕೋಣೆ ಖಾಲಿ ಮಾಡಿ ಅಲ್ಲಿ ಆಪ್ತ ಸಮಾಲೋಚನೆ ಶುರು ಮಾಡಬೇಕು ಅಂತ. ಸದ್ಯಕ್ಕೆ ಅದರಲ್ಲಿ ಕೆಟ್ಟು ಕೂತ ಹಾರ್ಮೋನಿಯಂ, ಕ್ರಿಸ್‌ಮಸ್ ನಕ್ಷತ್ರ, ಸಂಡೇ ಸ್ಕೂಲಿನ ಮುರಿದ ಬೆಂಚು ಇವೆ. 15,000 ರೂಪಾಯಿ ಮಂಜೂರಾಗಿದೆ. ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ಬೋರ್ಡಿಗೆ ಯಾವ ಬಣ್ಣ ಅಂತ ಈಗಲೇ ಚರ್ಚೆ ನಡೆಯುತ್ತಿದೆ.

ಇದರ ಹಿಂದೆ ಒಂದು ಕಥೆ ಇದೆ. ಅದನ್ನು ಹೇಳದೆ ಸಲಹೆ ಕೇಳಿದರೆ ಪ್ರಯೋಜನ ಇಲ್ಲ.

ಮೂರು ತಿಂಗಳ ಹಿಂದೆ ಆರಾಧನೆ ಮುಗಿದ ಮೇಲೆ ಹಿತ್ತಲ ನಲ್ಲಿ ಹತ್ತಿರ ನಾನು, ಇನ್ನೊಬ್ಬ ಚಿಕ್ಕ ವಯಸ್ಸಿನ ತಾಯಿ ಇಬ್ಬರೂ ಚಹಾ ಲೋಟ ತೊಳೆಯುತ್ತಿದ್ದೆವು. ಅವಳ ಮಗುವಿಗೆ ಆಗ 4 ತಿಂಗಳು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಮುಖ ಎತ್ತದೆ ಒಂದು ಮಾತು ಹೇಳಿದಳು.

[ಇಲ್ಲಿ ಒಂದು ಸಾಲು ಇತ್ತು. ಆಮೇಲೆ ತೆಗೆದಿದ್ದೇನೆ.]

ನನಗೆ ಕೈಕಾಲು ಆಡಲಿಲ್ಲ. "ಪ್ರಾರ್ಥನೆ ಮಾಡೋಣ ಮಗಳೇ, ಕರ್ತನು ನೋಡಿಕೊಳ್ಳುತ್ತಾನೆ" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ರಾತ್ರಿ ವಾಟ್ಸಾಪ್ ಪ್ರಾರ್ಥನಾ ಗುಂಪಿನಲ್ಲಿ "ಒಬ್ಬ ಬಾಣಂತಿ ತಂಗಿಯ ಮನಸ್ಸಿನ ಸಮಾಧಾನಕ್ಕಾಗಿ" ಅಂತ ವಿನಂತಿ ಹಾಕಿದೆ. ಹೆಸರು ಹಾಕಿರಲಿಲ್ಲ. ಆದರೆ ನಮ್ಮ 90 ಕುಟುಂಬದಲ್ಲಿ ಆಗ ಬಾಣಂತಿ ಅಂತ ಇದ್ದದ್ದು ಅವಳೊಬ್ಬಳೇ. ಬೆಳಿಗ್ಗೆ ಆಗುವಷ್ಟರಲ್ಲಿ ಅವಳ ಅತ್ತೆಗೆ 6 ಫೋನ್ ಬಂದಿದ್ದವು.

ಮುಂದಿನ ಭಾನುವಾರದಿಂದ ಅವಳು ಚರ್ಚಿಗೆ ಬರುತ್ತಿಲ್ಲ. ದಾರಿಯಲ್ಲಿ ಸಿಕ್ಕರೂ ನನ್ನನ್ನು ನೋಡದ ಹಾಗೆ ಹೋಗುತ್ತಾಳೆ. ಈಗ ನನ್ನನ್ನೇ ಸಮಾಲೋಚನೆಗೆ ಕೂರಿಸುತ್ತಿದ್ದಾರೆ. ನಾನು ಕೂರಬೇಕಾ? ಕೂರುವುದಾದರೆ ಏನು ಕಲಿಯಬೇಕು?

---

ಕರಾವಳಿ ನರ್ಸ್ | ಭಾನುವಾರ, ರಾತ್ರಿ 11:02

ಆಂಟಿ, ಕೋಣೆ ಆಮೇಲೆ ನೋಡೋಣ. ಮೊದಲು ಆ ಹುಡುಗಿ.

ನಾನು ಮಂಗಳೂರಿನವಳು, ಕಥೋಲಿಕಳು, ಹೆರಿಗೆ ವಾರ್ಡಿನಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ. ಅವಳು ಹೇಳಿದ ಆ ಮಾತನ್ನು ಬೇರೆ ಬೇರೆ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಸುಮ್ನೆ ಅಳು ಬರುವುದು, ಸಿಡುಕುವುದು ಬಹಳ ಜನರಿಗೆ ಆಗುತ್ತದೆ. ಸಾಮಾನ್ಯವಾಗಿ 2 ವಾರದೊಳಗೆ ತಾನಾಗಿ ಇಳಿಯುತ್ತದೆ. 4 ತಿಂಗಳಾದ ಮೇಲೂ ಹಾಗಿದೆ ಅಂದರೆ ಅದು ಬೇರೆ. ಅದಕ್ಕೆ ಡಾಕ್ಟರ್ ಬೇಕು. ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಏರುಪೇರಾಗಿದೆಯಾ ಅಂತಲೂ ನೋಡುತ್ತಾರೆ. ಅವೂ ಮನಸ್ಸನ್ನು ಹಿಂಡುತ್ತವೆ.

ಹಳ್ಳಿಯಲ್ಲಿ "ಬಾಣಂತಿ ಸನ್ನಿ" ಅನ್ನುತ್ತಾರಲ್ವಾ? ರಾತ್ರಿಯಿಡೀ ನಿದ್ದೆ ಇಲ್ಲ, ಯಾರದೋ ದನಿ ಕೇಳಿಸುತ್ತದೆ, ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡುತ್ತಾಳೆ. ಅದು ಕಂಡರೆ ನಾಳೆ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀವು ಹೇಳಿದ್ದು ಅದಲ್ಲ ಅನಿಸುತ್ತದೆ. ಆದರೂ ಹೇಳಿಟ್ಟೆ.

ಮಾತಾಡಲು ಸಿಕ್ಕರೆ ನೇರವಾಗಿ ಕೇಳಿ: "ಸಾಯಬೇಕು ಅನಿಸುತ್ತದಾ?" ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದಂತೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಎಷ್ಟೋ ಜನ ಉಸಿರು ಬಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೋಗಲು ಜಾಗಗಳಿವೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮ್ಮ ಕಡೆಗೇ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಾರ್ಡ್ ಕೂಡ ಇದೆ. ಮನೆಯಿಂದ ಹೊರಗೆ ಬರಲು ಆಗುವುದಿಲ್ಲ ಅಂದರೆ ಟೆಲಿ ಮಾನಸ್ ಸಹಾಯವಾಣಿ, 14416. 2022ರಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎದೆಹಾಲು ಕುಡಿಸುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಅದಕ್ಕೆ ಹೊಂದುವ ಮಾತ್ರೆ ಕೊಡುತ್ತಾರೆ.

---

ಹಳೇ ಕೀರ್ತನೆ | ಸೋಮವಾರ, ಬೆಳಿಗ್ಗೆ 6:20

ಸಿಸ್ಟರ್, ನಾನು 22 ವರ್ಷ ಸಭಾ ಹಿರಿಯನಾಗಿದ್ದವನು. ನನ್ನ ಮಾತು ಕೆಲವರಿಗೆ ಹಿಡಿಸದು. ಆದರೂ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಈ ಕೋಣೆ ಇರಲಿಲ್ಲ. ಅಯ್ಯನವರು, ಅಂದರೆ ಪಾದ್ರಿಗಳು, ಮನೆಗೇ ಬರುತ್ತಿದ್ದರು. ಸೈಕಲ್ ಒರಗಿಸಿ, ಒಳಗೆ ಬಂದು, ಅಡುಗೆಮನೆ ಬಾಗಿಲ ತನಕ ನೋಡುತ್ತಿದ್ದರು. ಒಲೆ ಉರಿಯುತ್ತಿದೆಯೋ ಇಲ್ಲವೋ ಅವರಿಗೆ ಗೊತ್ತಾಗುತ್ತಿತ್ತು. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಅನ್ನುವುದು ಚಹಾ ತಂದಿಟ್ಟ ರೀತಿಯಲ್ಲೇ ತಿಳಿಯುತ್ತಿತ್ತು. ಈಗ ಮನೆ ಭೇಟಿ ಅಂದರೆ 10 ನಿಮಿಷ, ಅದರಲ್ಲಿ 2 ಫೋನ್. ಭೇಟಿ ನಿಂತಿತು, ಅದಕ್ಕೇ ಕೋಣೆ ಬೇಕಾಯಿತು. ಇದು ನನ್ನ ಮೊದಲ ತಕರಾರು.

ಎರಡನೆಯದು, ಈ ಮನಃಶಾಸ್ತ್ರದಲ್ಲಿ ಪಾಪ ಅನ್ನುವ ಮಾತೇ ಇಲ್ಲ. ಪಶ್ಚಾತ್ತಾಪವೂ ಇಲ್ಲ. ಎಲ್ಲದಕ್ಕೂ ಬಾಲ್ಯವೇ ಕಾರಣ, ಅಪ್ಪನೇ ಕಾರಣ. ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ದೇವರಿಗೆ ತಿಳಿಸಿ ಅಂತ ಪೌಲ ಫಿಲಿಪ್ಪಿಯವರಿಗೆ ಬರೆದದ್ದು ಸುಮ್ನೆ ಬರೆದದ್ದಾ? ವೈದ್ಯರು ಬೇಡ ಅನ್ನುತ್ತಿಲ್ಲ. ಸಭೆ ಸಭೆಯ ಕೆಲಸ ಮಾಡಲಿ ಅನ್ನುತ್ತಿದ್ದೇನೆ.

---

ಎರಡನೇ ಶಿಫ್ಟ್ | ಸೋಮವಾರ, ಮಧ್ಯಾಹ್ನ 1:45

ಹಿರಿಯರೇ, ನಿಮ್ಮ ಮೊದಲನೆಯ ಮಾತಿಗೆ ನೂರಕ್ಕೆ ನೂರು. ಎರಡನೆಯದಕ್ಕೆ ನನ್ನ ಕಥೆ ಕೇಳಿ.

ಬೆಂಗಳೂರಿನಲ್ಲಿ ಫ್ಯಾಕ್ಟರಿ ಕೆಲಸ ನನ್ನದು. 4 ವರ್ಷದ ಹಿಂದೆ ಖಿನ್ನತೆ ಅಂತ ಡಾಕ್ಟರ್ ಮಾತ್ರೆ ಬರೆದರು. 3 ವಾರ ಏನೂ ಆಗಲಿಲ್ಲ. ಆಮೇಲೆ ನಿಧಾನಕ್ಕೆ ನಿದ್ದೆ ಬಂತು, ಹಸಿವಾಯಿತು. ಮಗಳ ಮಾತು ಕಿವಿಗೆ ಬೀಳತೊಡಗಿತು. ಆಗ ನಾನು ಹೋಗುತ್ತಿದ್ದ ಒಂದು ಪ್ರಾರ್ಥನಾ ಕೂಟದಲ್ಲಿ "ಬ್ರದರ್ ಮುಖದಲ್ಲಿ ಎಷ್ಟು ಕಳೆ ನೋಡಿ, ಸಾಕ್ಷಿ ಹೇಳಿ" ಎಂದರು. ಮೈಕ್ ಹಿಡಿದು "ಕರ್ತನು ನನ್ನನ್ನು ಸ್ವಸ್ಥ ಮಾಡಿದ" ಎಂದೆ. ಸುಳ್ಳೇನಲ್ಲ, ನನಗೆ ಹಾಗೇ ಅನಿಸಿತ್ತು. ಕೆಳಗೆ ಇಳಿದ ಮೇಲೆ ಒಬ್ಬರು ಕೇಳಿದರು, "ಹಾಗಾದರೆ ಇನ್ನೂ ಮಾತ್ರೆ ಯಾಕೆ?"

ಬಿಟ್ಟೆ. ಒಂದೇ ಸಲ ಬಿಟ್ಟೆ. ಮೊದಲು ತಲೆ ಸುತ್ತು, ಕಿವಿಯೊಳಗೆ ಜುಂಯ್ ಅನ್ನುವುದು. ಎರಡು ತಿಂಗಳಲ್ಲಿ ಮತ್ತೆ ಅದೇ ಬಾವಿ. ಒಂದು ರಾತ್ರಿ ಶಿಫ್ಟ್ ಮುಗಿಸಿ ಮನೆ ಮುಂದೆ ಬಂದು ಸ್ಕೂಟರ್ ಮೇಲೆ ಹೆಲ್ಮೆಟ್ ಹಾಕಿಕೊಂಡೇ 2 ಗಂಟೆ ಕೂತಿದ್ದೆ. ಹೆಂಡತಿ ಬಾಲ್ಕನಿಯಿಂದ ನೋಡಿ ಇಳಿದು ಬಂದಳು.

ಡಾಕ್ಟರ್ ಹತ್ತಿರ ಮತ್ತೆ ಹೋಗಲು ನಾಚಿಕೆ ಆಗಲಿಲ್ಲ. ಕೂಟಕ್ಕೆ ಹೋಗಲು ನಾಚಿಕೆ ಆಯಿತು. ಸಾಕ್ಷಿ ಹೇಳಿಬಿಟ್ಟಿದ್ದೆನಲ್ಲ! ನಾನು ಬಿದ್ದರೆ ದೇವರೇ ಸುಳ್ಳಾದಂತೆ ಅನಿಸುತ್ತಿತ್ತು. ಆ ಭಾರ ಕಾಯಿಲೆಗಿಂತ ಜಾಸ್ತಿ ಇತ್ತು.

ಚೇತರಿಸಿಕೊಂಡ ಮೇಲೂ ಇನ್ನೂ ಕೆಲವು ತಿಂಗಳು ಮಾತ್ರೆ ಮುಂದುವರಿಸಬೇಕು, ನಿಲ್ಲಿಸುವುದಾದರೂ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು ಅಂತ ಈಗ ಗೊತ್ತು. ಆಂಟಿ, ನಿಮ್ಮ ಕೋಣೆಗೆ ಬಂದು ಗುಣವಾದವರನ್ನು ದಯವಿಟ್ಟು ಮೈಕ್ ಮುಂದೆ ನಿಲ್ಲಿಸಬೇಡಿ.

---

ಹಳೇ ಕೀರ್ತನೆ | ಸೋಮವಾರ, ಮಧ್ಯಾಹ್ನ 3:10

ತಮ್ಮಾ, ನಾನೂ ಎಷ್ಟೋ ಜನರನ್ನು ಸಾಕ್ಷಿಗೆ ನಿಲ್ಲಿಸಿದ್ದೇನೆ. ಇಳಿದ ಮೇಲೆ ಅವರ ಗತಿ ಏನಾಯಿತು ಅಂತ ಕೇಳಲಿಲ್ಲ. ಈಗ ಹೆಲ್ಮೆಟ್ ತೆಗೆದಿದ್ದೀಯಾ?

ಎರಡನೇ ಶಿಫ್ಟ್ | ಸೋಮವಾರ, ಮಧ್ಯಾಹ್ನ 3:14

ತೆಗೆದಿದ್ದೇನೆ ಸರ್. 🙂

---

ಹೊಸ ಅಯ್ಯನವರು | ಸೋಮವಾರ, ರಾತ್ರಿ 9:30

ನಾನು ಸಭಾಪಾಲಕ. ಅಭಿಷೇಕವಾಗಿ 5 ವರ್ಷ. ಹಿರಿಯರು ಕೇಳಿದ ಪ್ರಶ್ನೆ ಇವತ್ತಿನದಲ್ಲ. ಕ್ರೈಸ್ತ ಸಮಾಲೋಚನೆಯೊಳಗೇ ಇದರ ಬಗ್ಗೆ ದೊಡ್ಡ ಜಗಳ ಇದೆ.

ಅಮೆರಿಕದಲ್ಲಿ 1970ರ ಸುಮಾರಿಗೆ ಜೇ ಆಡಮ್ಸ್ ಅನ್ನುವ ಪ್ರೆಸ್ಬಿಟೇರಿಯನ್ ಪಾದ್ರಿ ನೀವು ಹೇಳಿದ್ದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಶರೀರದ ಕಾಯಿಲೆ ಅಲ್ಲದಿದ್ದರೆ ಮನಸ್ಸಿನ ತೊಂದರೆಗೆ ಬೇರು ಪಾಪದಲ್ಲಿದೆ, ಸತ್ಯವೇದ ಹಿಡಿದು ಎದುರಿಗೆ ಕೂತು ಬುದ್ಧಿ ಹೇಳಬೇಕು ಅಂತ. ಇವತ್ತು ನಮ್ಮಲ್ಲಿ "ಬೈಬಲ್ ಸಮಾಲೋಚನೆ" ಹೆಸರಿನಲ್ಲಿ ನಡೆಯುವುದರಲ್ಲಿ ಇದರ ನೆರಳು ಬಹಳ ಇದೆ.

ಅದಕ್ಕೆ ಎಷ್ಟೋ ಮುಂಚೆ ಇನ್ನೊಬ್ಬರಿದ್ದರು. ಆಂಟನ್ ಬಾಯ್ಸನ್. ಅವರೂ ಪಾದ್ರಿಯೇ. 1920ರಲ್ಲಿ ಅವರಿಗೇ ಬುದ್ಧಿ ಭ್ರಮಣೆಯಾಗಿ ಮಾನಸಿಕ ಆಸ್ಪತ್ರೆ ಸೇರಿದರು. ಹೊರಗೆ ಬಂದವರು ಇನ್ನೊಂದು ಆಸ್ಪತ್ರೆಯಲ್ಲೇ ಚಾಪ್ಲೇನ್, ಅಂದರೆ ಆಸ್ಪತ್ರೆಯ ಪಾದ್ರಿ, ಆಗಿ ಸೇರಿಕೊಂಡರು. 1925ರಲ್ಲಿ ಸೆಮಿನರಿ ಹುಡುಗರನ್ನು ಅಲ್ಲಿಗೇ ಕರೆಸಿ ರೋಗಿಗಳ ಜೊತೆ ಇರಿಸಿ ಪಾಠ ಶುರು ಮಾಡಿದರು. ಪುಸ್ತಕ ಓದುವ ಹಾಗೆ ಮನುಷ್ಯನನ್ನೂ ಓದಬೇಕು ಅನ್ನುವುದು ಅವರ ಮಾತಿನ ತಿರುಳು. ಆಸ್ಪತ್ರೆಯಲ್ಲಿ ಪಾದ್ರಿಗಳಿಗೆ ಕೊಡುವ ತರಬೇತಿಗೆ ಅದೇ ತಳಪಾಯ. ನನಗೆ ಬಾಯ್ಸನ್ ಇಷ್ಟ, ಮುಚ್ಚಿಡುವುದಿಲ್ಲ.

ವಚನದ ಮಾತಿಗೆ ಬಂದರೆ, 1 ಅರಸುಗಳು 19 ನೋಡಿ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಕೂತು ಸಾಯಬೇಕು ಅಂತ ಬೇಡುತ್ತಾನೆ. ದೇವದೂತ ಬಂದು "ನಿನ್ನ ವಿಶ್ವಾಸ ಎಲ್ಲಿ ಹೋಯಿತು" ಅಂತ ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಊಟ. ಬೋಧನೆ ಗೀಧನೆ ಏನೂ ಇಲ್ಲ. ಪೌಲನೂ ತಿಮೊಥೆಗೆ ಪದೇ ಪದೇ ಹುಷಾರು ತಪ್ಪುತ್ತದೆ ಅಂತ ಗೊತ್ತಾದಾಗ ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಎಂದ. ಉಪವಾಸ ಮಾಡು ಅನ್ನಲಿಲ್ಲ. 88ನೇ ಕೀರ್ತನೆ ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಅದಕ್ಕೆ ಯಾರೂ ಒಂದು ಹಲ್ಲೆಲೂಯಾ ಅಂಟಿಸಲಿಲ್ಲ.

ಪಾಪ ಇಲ್ಲ ಅನ್ನುತ್ತಿಲ್ಲ. ಸಾಲ ಮಾಡಿ ಜೂಜಾಡಿ ನಿದ್ದೆ ಬರುವುದಿಲ್ಲ ಅನ್ನುವವನಿಗೆ ಪಾಪದ ಮಾತೇ ಬೇಕು. ಬಾಣಂತಿಗೆ ಅಲ್ಲ.

ಇನ್ನೊಂದು. ನಾನು ಓದಿದ ಪಠ್ಯಗಳಲ್ಲಿ ಸಮಾಲೋಚನೆಗೆ ಬರುವವರು ಒಬ್ಬರೇ ಬರುತ್ತಾರೆ, ಬಾಗಿಲು ಮುಚ್ಚುತ್ತಾರೆ, ಮಾತಾಡುತ್ತಾರೆ. ನನ್ನ ಸಭೆಯಲ್ಲಿ ಹಾಗೆ ಒಬ್ಬರೂ ಬಂದಿಲ್ಲ. ಸೊಸೆ ಬಂದರೆ ಜೊತೆಗೆ ಅತ್ತೆ. ಅತ್ತೆ ಜೊತೆಗೆ ನಾದಿನಿ. ಸಮಸ್ಯೆ ಏನಮ್ಮಾ ಅಂತ ಸೊಸೆಯನ್ನು ಕೇಳಿದರೆ ಉತ್ತರ ಅತ್ತೆ ಕೊಡುತ್ತಾರೆ. ಇದನ್ನು ಯಾವ ಪುಸ್ತಕವೂ ನನಗೆ ಹೇಳಿಕೊಡಲಿಲ್ಲ. ನಾನು ಮಾಡುವುದು ಇಷ್ಟೇ: ನನ್ನ ಹೆಂಡತಿ ಅತ್ತೆಯನ್ನು ಒಳಗೆ ಕರೆದು ಉಪ್ಪಿನಕಾಯಿ ತೋರಿಸುತ್ತಾಳೆ. 20 ನಿಮಿಷ ಸಿಗುತ್ತದೆ.

ಕರಾವಳಿ ನರ್ಸ್ | ಸೋಮವಾರ, ರಾತ್ರಿ 9:41

ಉಪ್ಪಿನಕಾಯಿ ಚಿಕಿತ್ಸೆ 😄 ಅಮ್ಮನವರಿಗೆ ನನ್ನದೊಂದು ನಮಸ್ಕಾರ.

---

ಹೆಸರು ಬೇಡ | ಮಂಗಳವಾರ, ಬೆಳಗಿನ ಜಾವ 2:05

ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಗಂಡ ಹೊಡೆಯುತ್ತಿದ್ದ. 6 ವರ್ಷ. ಒಂದು ದಿನ ಧೈರ್ಯ ಮಾಡಿ ಸಭೆಯ ಹಿರಿಯರೊಬ್ಬರಿಗೆ ಹೇಳಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಇಬ್ಬರನ್ನೂ ಕರೆಸಿದರು. ಒಂದೇ ಕೋಣೆ, ಒಂದೇ ಬೆಂಚು. ಮತ್ತಾಯ 18 ಓದಿದರು. ನಿನ್ನ ಸಹೋದರ ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಬೇಕು, ಏಳೆಪ್ಪತ್ತು ಸಲ. ನನ್ನ ಗಂಡ ಅತ್ತ. ಮೊಣಕಾಲೂರಿದ. ಎಲ್ಲರೂ ಪ್ರಾರ್ಥನೆ ಮಾಡಿ ಕೈ ಕುಲುಕಿದರು. ಅವತ್ತು ರಾತ್ರಿ "ಹೊರಗಿನವರ ಮುಂದೆ ನನ್ನ ಮಾನ ಕಳೆದೆ" ಅಂತ ಹೊಡೆದದ್ದು ಮೊದಲಿನ ಎಲ್ಲಕ್ಕಿಂತ ಜೋರಾಗಿತ್ತು.

ಏಳೆಪ್ಪತ್ತು ಅಂದರೆ 490. ನಾನು ಲೆಕ್ಕ ಇಟ್ಟಿರಲಿಲ್ಲ.

ನಿಮ್ಮ ಕೋಣೆಗೆ ನನ್ನಂಥವಳು ಬಂದರೆ ಅವನನ್ನು ಕರೆಸಬೇಡಿ. ಅವಳು ಬಂದಿದ್ದಳು ಅಂತಲೂ ಅವನಿಗೆ ಗೊತ್ತಾಗಬಾರದು. ಕ್ಷಮಿಸುವುದು ನನ್ನ ಮತ್ತು ದೇವರ ನಡುವಿನ ಮಾತು. ಅದಕ್ಕೆ ನಾನು 3 ವರ್ಷ ತಗೊಂಡೆ, ಬಹುಶಃ ಇನ್ನೂ ಮುಗಿದಿಲ್ಲ. ವಾಪಸ್ ಹೋಗಿ ಅದೇ ಮನೆಯಲ್ಲಿ ಇರುವುದು ಬೇರೆ ಮಾತು. ಎರಡನ್ನೂ ಒಂದೇ ಗಂಟು ಕಟ್ಟಿ ನನ್ನ ತಲೆ ಮೇಲೆ ಇಟ್ಟಿದ್ದರು.

ಅಬೀಗೈಲಳ ಕಥೆಯನ್ನು ಯಾಕೋ ಯಾರೂ ಪ್ರಸಂಗ ಮಾಡುವುದಿಲ್ಲ. 1 ಸಮುವೇಲ 25. ಗಂಡ ನಾಬಾಲ ಒರಟ. ಅವನ ಮೇಲಿನ ಸಿಟ್ಟಿಗೆ ದಾವೀದ ಮನೆಯವರನ್ನು ಕೊಲ್ಲಲು ಬರುತ್ತಿದ್ದಾಗ ಗಂಡನಿಗೆ ತಿಳಿಸದೆ ಕತ್ತೆಗಳ ಮೇಲೆ ರೊಟ್ಟಿ, ದ್ರಾಕ್ಷಿ ಹೇರಿಕೊಂಡು ಹೋಗಿ ಮನೆಮಂದಿಯ ಜೀವ ಉಳಿಸುತ್ತಾಳೆ. ಗಂಡ ಮೂರ್ಖ ಅಂತ ದಾವೀದನ ಮುಂದೆಯೇ ಹೇಳುತ್ತಾಳೆ. ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕು ಅನ್ನುವ ಎಫೆಸ 5:22 ಅನ್ನು ಅವಳಿಗೆ ಯಾರೂ ಓದಿ ಹೇಳಲಿಲ್ಲ. ಅಂದ ಹಾಗೆ, ಅದರ ಹಿಂದಿನ ವಚನ 21. ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅಂತ. ನನ್ನ ಮುಂದೆ ಓದುವಾಗ ಯಾವಾಗಲೂ 22ರಿಂದಲೇ ಶುರು.

---

ಕಪ್ಪು ಕೋಟು | ಮಂಗಳವಾರ, ಬೆಳಿಗ್ಗೆ 8:50

ಅಕ್ಕಾ, ನೀವು ಬರೆದದ್ದಕ್ಕೆ ಏನೂ ಸೇರಿಸುವುದಿಲ್ಲ. ಕಾನೂನು ಮಾತ್ರ ಹೇಳುತ್ತೇನೆ, ಸಮಾಲೋಚನೆಗೆ ಕೂರುವವರು ತಿಳಿದಿರಬೇಕಾದ್ದು.

ಮನೆಯೊಳಗಿನ ಹೊಡೆತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರಲ್ಲಿ ರಕ್ಷಣಾಧಿಕಾರಿ ಅಂತ ಇರುತ್ತಾರೆ. ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ಕೇಳಬಹುದು. ಮಹಿಳಾ ಸಹಾಯವಾಣಿ 181.

ಕ್ರೈಸ್ತರ ವಿಚ್ಛೇದನ ನಡೆಯುವುದು 1869ರ ಕಾಯ್ದೆಯಲ್ಲಿ. 2001ರ ತಿದ್ದುಪಡಿಯ ತನಕ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿಗೆ ಬರೀ ಹೊಡೆತ ಸಾಕಾಗುತ್ತಿರಲಿಲ್ಲ, ಅದರ ಜೊತೆ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. ಈಗ ಕ್ರೌರ್ಯವೊಂದೇ ಕಾರಣವಾಗಬಹುದು. ಇಬ್ಬರೂ ಒಪ್ಪಿ ಬೇರೆಯಾಗಲು 10ಎ ಕಲಂ ಬಂದದ್ದೂ ಅದೇ ತಿದ್ದುಪಡಿಯಲ್ಲಿ. "ನಮ್ಮಲ್ಲಿ ವಿಚ್ಛೇದನವೇ ಇಲ್ಲ" ಅಂತ ಹೇಳುವ ಹಿರಿಯರಿಗೆ ಇದನ್ನು ತಿಳಿಸಬೇಕಾಗುತ್ತದೆ.

ಬಹಳ ಮುಖ್ಯವಾದದ್ದು: "ನೀನು ಏನು ಹೇಳಿದರೂ ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ 2012ರ ಪೋಕ್ಸೊ ಕಾಯ್ದೆ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅಯ್ಯನವರಿಗೂ ಅದೇ, ಹಿರಿಯರಿಗೂ ಅದೇ. ಸಭೆಯ ಮರ್ಯಾದೆ ಅಂತ ಒಳಗೊಳಗೇ ಮುಚ್ಚುವ ಹಾಗಿಲ್ಲ.

ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಕರೆದೊಯ್ಯದ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತದೆ. ಹೆದರದೆ ಕರೆದುಕೊಂಡು ಹೋಗಿ.

---

ಹಳೇ ಕೀರ್ತನೆ | ಮಂಗಳವಾರ, ಬೆಳಿಗ್ಗೆ 10:30

ವಿಚ್ಛೇದನದ ವಿಷಯದಲ್ಲಿ ನಾನು ಇನ್ನೂ ನನ್ನ ಜಾಗದಲ್ಲೇ ಇದ್ದೇನೆ. ದೇವರು ಕೂಡಿಸಿದ್ದನ್ನು ಮನುಷ್ಯ ಅಗಲಿಸಬಾರದು. ಆದರೆ ಒಂದೇ ಬೆಂಚಿನ ಮೇಲೆ ಕೂರಿಸುವ ಕೆಲಸ ನಾನೂ ಮಾಡಿದ್ದೇನೆ. ಎರಡು ಸಲವಾದರೂ ಮಾಡಿದ್ದೇನೆ. ಅದರಲ್ಲಿ ಒಂದು ಮನೆಯ ಹೆಣ್ಣುಮಗಳು ಆಮೇಲೆ ನಮ್ಮ ಸಭೆ ಬಿಟ್ಟಳು. ನಾವು ಅವಳನ್ನು ಗರ್ವಿ ಅಂದುಕೊಂಡಿದ್ದೆವು.

ಕರಾವಳಿ ನರ್ಸ್ | ಮಂಗಳವಾರ, ಮಧ್ಯಾಹ್ನ 12:15

ಸರ್, ನಮ್ಮ ಕಥೋಲಿಕ ಸಭೆ ವಿವಾಹದ ವಿಷಯದಲ್ಲಿ ನಿಮಗಿಂತಲೂ ಬಿಗಿ ಅಲ್ವಾ? ಅಲ್ಲೂ ಪೋಪ್ ಫ್ರಾನ್ಸಿಸ್ 2016ರ ಕುಟುಂಬದ ಬಗೆಗಿನ ಪತ್ರದಲ್ಲಿ ಹೆಂಡತಿ ಮಕ್ಕಳನ್ನು ಹಿಂಸೆಯಿಂದ ಕಾಪಾಡಲು ಬೇರೆ ಇರುವುದು ಕೆಲವು ಸಲ ನೈತಿಕವಾಗಿಯೇ ಅಗತ್ಯ ಆಗುತ್ತದೆ ಅಂತ ಬರೆದಿದ್ದಾರೆ. ಬೇರೆ ಇರುವುದು ಒಂದು, ವಿಚ್ಛೇದನ ಇನ್ನೊಂದು. ಮೊದಲು ಹೊಡೆತ ನಿಲ್ಲಲಿ.

---

ಮಸ್ಕತ್ ಬಸ್ | ಮಂಗಳವಾರ, ರಾತ್ರಿ 8:00

ಗಂಡಸರ ಬಗ್ಗೆಯೂ ಯೋಚನೆ ಮಾಡಿ. ನಾನು ಇಲ್ಲಿ ಮಸ್ಕತ್‌ನಲ್ಲಿ 11 ವರ್ಷದಿಂದ ಇದ್ದೇನೆ. ಕನ್ನಡ ಆರಾಧನೆ ಮುಗಿದ ಮೇಲೆ ಎಲ್ಲ ಗಂಡಸರೂ "ಹೇಗಿದ್ದೀರಿ" ಅಂದರೆ "ಕರ್ತನ ಕೃಪೆಯಿಂದ ಚೆನ್ನಾಗಿದ್ದೇವೆ" ಅನ್ನುತ್ತಾರೆ. ಇದನ್ನೇ ಹೇಳಿದ್ದ ಒಬ್ಬ ಗೆಳೆಯ ಮುಂದಿನ ವಾರ ಊರಿಗೆ ಹೋಗುವ ಟಿಕೆಟ್ ಹರಿದು ಹಾಕಿದ. ಮನೆಗೆ ಹೋಗಲು ಭಯವಂತೆ, ಮಕ್ಕಳಿಗೆ ತನ್ನ ಗುರುತೇ ಇಲ್ಲವಂತೆ. ಗಂಡಸರು ಕೋಣೆಗೆ ಬರುವುದಿಲ್ಲ ಆಂಟಿ. ಜೊತೆಗೆ ಏನಾದರೂ ಕೆಲಸ ಮಾಡುತ್ತಾ ಇದ್ದರೆ ಬಾಯಿ ಬಿಡುತ್ತಾರೆ. ಆ ಹಾರ್ಮೋನಿಯಂ ರಿಪೇರಿಗೆ ನಾಲ್ಕು ಗಂಡಸರನ್ನು ಕರೆಯಿರಿ, ನೋಡಿ.

---

ಮೈಸೂರು ಸಮಾಲೋಚಕಿ | ಬುಧವಾರ, ಬೆಳಿಗ್ಗೆ 7:15

ಇದೇ ನನ್ನ ವೃತ್ತಿ. ಕ್ರೈಸ್ತಳೂ ಹೌದು. ಆಂಟಿ ಕೇಳಿದ "ನಾನು ಕೂರಬೇಕಾ" ಅನ್ನುವುದಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ. ನನ್ನ ಉತ್ತರ: ಸಮಾಲೋಚಕಿ ಅಂತ ಕೂರಬೇಡಿ. ಕಿವಿಗೊಡುವವರಾಗಿ ಕೂರಿ.

ನಮ್ಮ ದೇಶದಲ್ಲಿ "ಆಪ್ತ ಸಮಾಲೋಚಕ" ಅಂತ ಬೋರ್ಡ್ ಹಾಕಿಕೊಂಡು ಕೂತವರನ್ನು ಕೇಳುವವರು ಕಡಿಮೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರುತ್ತದೆ, ಅದನ್ನು ಕೇಳಿ ನೋಡಬಹುದು. ಉಳಿದವರಲ್ಲಿ ಎರಡು ವರ್ಷ ಓದಿದವರೂ ಇದ್ದಾರೆ, ಎರಡು ದಿನದ ಸೆಮಿನಾರ್ ಮುಗಿಸಿ ಸರ್ಟಿಫಿಕೇಟ್ ತೂಗುಹಾಕಿದವರೂ ಇದ್ದಾರೆ. ನಿಮಗೆ ಬೇಕಾದದ್ದು ಕೇಳುವ ಕಲೆ, ಯಾವಾಗ ಮುಂದಕ್ಕೆ ಕಳಿಸಬೇಕು ಅನ್ನುವ ತಿಳಿವಳಿಕೆ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಅಲ್ಲಿಯ ತನಕ ಅವರು ಒಳ್ಳೆಯ ಸಮಾಲೋಚಕರೇ. ಬಾಯಿ ತೆರೆದ ಮೇಲೆ ಕೆಟ್ಟಿತು.

ಕೋಣೆಯ ವಿಷಯ. ಬೋರ್ಡ್ ಬೇಡವೇ ಬೇಡ. ಬೋರ್ಡ್ ಇದ್ದರೆ ಒಳಗೆ ಹೋದವರೆಲ್ಲ ಸುದ್ದಿ. ಗೇಟಿನಿಂದ ಬಾಗಿಲು ಕಾಣದಿದ್ದರೆ ಒಳ್ಳೆಯದು. ಒಳಗಿನ ಮಾತು ಹೊರಗೆ ಕೇಳಬಾರದು, ಆದರೆ ಒಳಗೆ ಇಬ್ಬರಿದ್ದಾರೆ ಅನ್ನುವುದು ಹೊರಗಿನವರಿಗೆ ಕಾಣಬೇಕು. ಬಾಗಿಲಿಗೆ ಸಣ್ಣ ಗಾಜು ಹಾಕಿಸಿ. ಅದು ಇಬ್ಬರಿಗೂ ರಕ್ಷಣೆ. ಎರಡೂ ಕುರ್ಚಿ ಒಂದೇ ಎತ್ತರದವು ಇರಲಿ, ನಡುವೆ ಟೇಬಲ್ ಬೇಡ. ಸತ್ಯವೇದ ಕಪಾಟಿನಲ್ಲಿರಲಿ, ಕೈಯಲ್ಲಿ ಬೇಡ. ಕೈಯಲ್ಲಿದ್ದರೆ ಬಂದವರು ಮೊದಲೇ ತಪ್ಪಿತಸ್ಥರಂತೆ ಕೂರುತ್ತಾರೆ.

ಪ್ರಾರ್ಥನೆ ಮಾಡಲೇ ಅಂತ ಕೇಳಿ ಮಾಡಿ. ಬಾರ್ತಿಮಾಯ ಕುರುಡ ಅನ್ನುವುದು ಇಡೀ ಊರಿಗೆ ಗೊತ್ತಿತ್ತು. ಆದರೂ ಯೇಸು "ನಾನು ನಿನಗೆ ಏನು ಮಾಡಬೇಕು" ಅಂತ ಕೇಳಿದ. ಮಾರ್ಕ 10. ಆಂಟಿ, ನಲ್ಲಿ ಹತ್ತಿರ ಅವಳು ಹೇಳಿದಾಗ ನೀವು ಪ್ರಾರ್ಥನೆಗೆ ಓಡಿದಿರಿ. ತಪ್ಪು ತಿಳಿಯಬೇಡಿ, ಹೆದರಿದಾಗ ನಾವೆಲ್ಲ ಅಲ್ಲಿಗೇ ಓಡುತ್ತೇವೆ. ಅದು ಅವಳಿಗೋಸ್ಕರ ಮಾಡಿದ ಪ್ರಾರ್ಥನೆ ಅಲ್ಲ, ನಿಮ್ಮ ಗಾಬರಿಗೆ ಮಾಡಿಕೊಂಡದ್ದು.

ಇನ್ನು ದೊಡ್ಡ ತೊಡಕು. 90 ಕುಟುಂಬದಲ್ಲಿ ಎಲ್ಲರೂ ನಿಮಗೆ ನೆಂಟರು ಅಥವಾ ನಿಮ್ಮ ಹಳೆಯ ವಿದ್ಯಾರ್ಥಿಗಳು. ನಿಮ್ಮ ಸೊಸೆಯ ತಂಗಿ ಬಂದು ನಿಮ್ಮ ಮಗನ ಬಗ್ಗೆ ಹೇಳಿದರೆ ಏನು ಮಾಡುತ್ತೀರಿ? ಒಂದು ಉಪಾಯ ಇದೆ. ಪಕ್ಕದ ಊರಿನ ಸಭೆಯ ಜೊತೆ ಅದಲು ಬದಲು ಮಾಡಿಕೊಳ್ಳಿ. ಅವರ ಊರಿನವರು ನಿಮ್ಮ ಹತ್ತಿರ ಬರಲಿ, ನಿಮ್ಮವರು ಅಲ್ಲಿಗೆ ಹೋಗಲಿ. 15,000ವನ್ನು ಬಣ್ಣಕ್ಕೆ ಸುರಿಯಬೇಡಿ. ಅದು ಬಸ್ ಚಾರ್ಜ್, ಆಟೋ ಬಾಡಿಗೆ, ಆಸ್ಪತ್ರೆ ಚೀಟಿಗೆ ಇರಲಿ.

ಕೊನೆಗೆ, ಹೇಳಲು ಕಷ್ಟವಾಗುವ ಒಂದು ಮಾತು. ಈ ಥ್ರೆಡ್ ಕೂಡ ಒಂದು ಪ್ರಾರ್ಥನಾ ಗುಂಪೇ ಅಲ್ವಾ? ಹೆಸರಿಲ್ಲ, ನಿಜ. ಆದರೆ ನಿಮ್ಮ ಊರಿನವರು ಓದಿದರೆ ಎರಡನೇ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಅವಳು ನಿಮಗೆ ಹೇಳಿದ ಮಾತು ಈಗ ನಮಗೆಲ್ಲ ಗೊತ್ತು. ಅವಳನ್ನು ಕೇಳಿದಿರಾ?

---

ಬಿಳಿ ದಾಸವಾಳ | ಬುಧವಾರ, ಬೆಳಿಗ್ಗೆ 9:05

ನಿಮ್ಮ ಕೊನೆಯ ಮಾತು ಓದಿ ಸಿಟ್ಟು ಬಂತು. ಸಹಾಯ ಕೇಳಿದ್ದಕ್ಕೆ ಹೀಗಾ ಅಂತ. ಚಹಾ ಇಳಿಸಿ, ಕುಡಿಯದೆ ಕೂತೆ. ನೀವು ಹೇಳಿದ್ದು ಸರಿ.

ಕೇಳಿಲ್ಲ. ಹೋಗುತ್ತೇನೆ.

---

ಬಿಳಿ ದಾಸವಾಳ | ಐದು ವಾರದ ನಂತರ, ಶನಿವಾರ, ಸಂಜೆ 5:40

ತಡವಾಯಿತು. ಇದನ್ನು ಬರೆಯಲು ಅವಳ ಒಪ್ಪಿಗೆ ಬೇಕಿತ್ತು. ಈಗ ಸಿಕ್ಕಿದೆ. ಬರೆದದ್ದನ್ನು ಅವಳಿಗೆ ಓದಿ ತೋರಿಸಿಯೇ ಹಾಕುತ್ತಿದ್ದೇನೆ. ಊರಿನ ಕೆಲವು ಗುರುತುಗಳನ್ನು ಮೊದಲ ಪೋಸ್ಟಿನಲ್ಲಿ ಬದಲಿಸಿದ್ದೇನೆ.

ಮೊದಲ ದಿನ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದೆ. ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ. ಡಬ್ಬಿ ಕೊಟ್ಟು ವಾಪಸ್ ಬಂದೆ. ಎರಡನೇ ಸಲ ಅತ್ತೆ ಕೂರಿಸಿದರು. ಅವಳು ಹೊರಗೆ ಬರಲಿಲ್ಲ. ಬಚ್ಚಲಲ್ಲಿ ಮಗುವಿನ ಬಟ್ಟೆ ರಾಶಿ ಬಿದ್ದಿತ್ತು. ಅತ್ತೆಗೆ ಮೊಣಕಾಲು ನೋವು. ನಾನೇ ಕೂತು ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದೆ. ಹೊಸ ಅಯ್ಯನವರು ಬರೆದ ರೊಟ್ಟಿ ನೀರು ನೆನಪಾಯಿತು. ನನಗೆ ಹೊಳೆದದ್ದು ಸಾಬೂನು.

ಮೂರನೇ ಸಲ ಅವಳೇ ಬಂದು ಬಚ್ಚಲ ಬಾಗಿಲಲ್ಲಿ ನಿಂತಳು. "ಗ್ರೂಪಿನಲ್ಲಿ ಹಾಕಿದ್ದು ನೀವೇ ಅಲ್ವಾ ಆಂಟಿ?" ಎಂದಳು. ಹೌದು ಎಂದೆ. ಒಳ್ಳೆಯದಕ್ಕೇ ಹಾಕಿದೆ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ತಪ್ಪಾಯಿತು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಗೆದ ಅಂಗಿಯೊಂದನ್ನು ಎತ್ತಿ ನೋಡಿ "ಇದರ ಕಲೆ ಹೋಗಿಲ್ಲ" ಎಂದಳು. ಮತ್ತೆ ಒಗೆದೆ.

ನರ್ಸ್ ಹೇಳಿದ ಆ ನೇರ ಪ್ರಶ್ನೆ ಕೇಳಿದೆ. ಏನು ಹೇಳಿದಳು ಅಂತ ಬರೆಯುವುದಿಲ್ಲ.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅವಳು, ನಾನು, ಅತ್ತೆ, ಮಗು. ಕೋಣೆಯ ದುಡ್ಡಿನಲ್ಲಿ ಮೊದಲ ಖರ್ಚು ಅದೇ, ಆಟೋ 240 ರೂಪಾಯಿ. ಖಜಾಂಚಿ ರಸೀದಿ ಕೇಳಿದರು. ಯಾರಿಗೆ ಅಂತ ಕೇಳಬೇಡಿ, ಎಷ್ಟು ಅಂತ ಮಾತ್ರ ಬರೆದುಕೊಳ್ಳಿ ಎಂದೆ. ಸ್ವಲ್ಪ ಗೊಣಗಿದರು, ಬರೆದುಕೊಂಡರು. ಸಾಲಿನಲ್ಲಿ ಒಂದೂವರೆ ಗಂಟೆ ನಿಂತೆವು, ಮಗು ಅತ್ತೆ ಸೊಂಟದ ಮೇಲಿತ್ತು. ಅತ್ತೆ ನನ್ನ ಕಿವಿಯಲ್ಲಿ "ನನಗೂ ಇವನಪ್ಪ ಹುಟ್ಟಿದಾಗ ಹಿಂಗೇ ಆಗಿತ್ತು, ಯಾರಿಗೂ ಹೇಳಿಲ್ಲ" ಎಂದರು. ಇದನ್ನು ಬರೆಯಲು ಅವರೂ ಒಪ್ಪಿದ್ದಾರೆ.

ಮಾತ್ರೆ ಶುರುವಾಗಿ 3 ವಾರ. ನಿದ್ದೆ ಸ್ವಲ್ಪ ಬರುತ್ತಿದೆಯಂತೆ. ಚರ್ಚಿಗೆ ಬಂದಿಲ್ಲ. ಬಾ ಅಂತ ನಾನೂ ಕರೆದಿಲ್ಲ.

ಕೋಣೆ ಖಾಲಿ ಆಗಿದೆ. ಬೋರ್ಡ್ ಇಲ್ಲ. ಪಕ್ಕದ ಊರಿನ ಅಯ್ಯನವರ ಜೊತೆ ಮಾತಾಯಿತು, ಅವರ ಸಭೆಯ ಇಬ್ಬರು, ನಮ್ಮ ಇಬ್ಬರು ತರಬೇತಿಗೆ ಹೋಗುತ್ತಿದ್ದೇವೆ. ಹಾರ್ಮೋನಿಯಂ ರಿಪೇರಿಗೆ ನಿಜವಾಗಿಯೂ ಗಂಡಸರು ಬಂದರು, ಮೂವರು. ಇನ್ನೂ ರಿಪೇರಿ ಆಗಿಲ್ಲ. ಪ್ರತಿ ಶುಕ್ರವಾರ ಬರುತ್ತಿದ್ದಾರೆ.

ಹಳೇ ಕೀರ್ತನೆ | ಶನಿವಾರ, ಸಂಜೆ 6:25

ಬೇಗ ರಿಪೇರಿ ಮಾಡಬೇಡಿ ಅಂತ ಹೇಳಿ ಅವರಿಗೆ. ನಾನು ಸಭೆ ಬಿಟ್ಟ ಆ ಹೆಣ್ಣುಮಗಳ ಮನೆ ಹುಡುಕಿಕೊಂಡು ಹೋಗಿದ್ದೆ ಸಿಸ್ಟರ್. ಚಹಾ ಕೊಟ್ಟಳು. ಬೇರೆ ಏನೂ ಮಾತಾಗಲಿಲ್ಲ.

ಮೈಸೂರು ಸಮಾಲೋಚಕಿ | ಶನಿವಾರ, ಸಂಜೆ 7:10

ಆಂಟಿ, ಮೊದಲ ಪೋಸ್ಟಿನಲ್ಲಿ ಒಂದು ಸಾಲು ಇಲ್ಲವಲ್ಲ?

ಬಿಳಿ ದಾಸವಾಳ | ಶನಿವಾರ, ಸಂಜೆ 7:22

ಇಡೀ ಥ್ರೆಡ್ ಅವಳು ನನ್ನ ಫೋನಿನಲ್ಲೇ ಓದಿದಳು. ಮಗು ತೊಡೆ ಮೇಲಿತ್ತು. ಎಲ್ಲ ಓದಿ ಮತ್ತೆ ಮೇಲಕ್ಕೆ ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟಳು. "ಇದು ಬೇಡ ಆಂಟಿ. ಇದು ನಿಮಗೆ ಮಾತ್ರ ಹೇಳಿದ್ದು."

ಅಲ್ಲೇ ಕೂತು ತೆಗೆದೆ. ಹೇಗೆ ತೆಗೆಯಬೇಕು ಅಂತ ಅವಳೇ ತೋರಿಸಿಕೊಟ್ಟಳು.